ಒಗೆದಿಟ್ಟ ಕರ್ಚೀಫುಗಳು

"ಬಾಯಿ ನಿಲ್ತಾನೇ ಇಲ್ಲ ಅಮ್ಮಾ," ಎಂದು ಮಗಳು ಅಪ್ಪನ ಗದ್ದದ ಕೆಳಗೆ ಮಡಿಸಿದ ಟವೆಲನ್ನು ಮತ್ತೊಮ್ಮೆ ಒತ್ತಿಟ್ಟಳು. ಟವೆಲು ಮತ್ತೊಮ್ಮೆ ಜಾರಿತು. ಲಕ್ವ ಹೊಡೆದ ದಿನದಿಂದ ಎಡಗಡೆಗೆ ಇಳಿಬಿದ್ದಿದ್ದ ತುಟಿ ಸತ್ತ ಮೇಲಾದರೂ ನೆಟ್ಟಗಾದೀತು ಅಂದುಕೊಂಡರೆ, ಊಹ್ಞೂಂ, ಅದು ತನ್ನ ಹಟ ಬಿಡಲಿಲ್ಲ.

"ನೀನು ಸರ್ಕೋ, ನಂಗೆ ಅಭ್ಯಾಸ ಇದೆ," ಎಂದು ಅವಳು ಮಗಳನ್ನು ಪಕ್ಕಕ್ಕೆ ಸರಿಸಿ ಗಂಡನ ತುಟಿಯ ತುದಿಯನ್ನು ಕರ್ಚೀಫಿನಿಂದ ಒತ್ತಿದಳು. ಒರೆಸಲು ಅಲ್ಲಿ ಏನೂ ಇರಲಿಲ್ಲ. ಮೂರು ವರ್ಷ ಬಿಡದೆ ಮಾಡಿದ ಕೆಲಸ, ಕೈ ತಾನಾಗಿಯೇ ಮಾಡಿಬಿಟ್ಟಿತು.

ಅಪ್ಪನಿಗೆ ತೊಡಿಸಲು ಒಳ್ಳೆಯ ಅಂಗಿ ಹುಡುಕುತ್ತಿದ್ದ ಮಗಳು ಬೀರುವಿನಿಂದ ಒಂದು ಕಟ್ಟು ಕರ್ಚೀಫು ತೆಗೆದಳು. ಎಲ್ಲವೂ ಬಿಳಿ, ಎಲ್ಲವೂ ಅಂಚಿಗೆ ಅಂಚು ಕೂಡಿಸಿ ಇಸ್ತ್ರಿ ಹೊಡೆದಂಥವು.

"ಇವನ್ನ ಎಸೆದುಬಿಡ್ಲಾ ಅಮ್ಮಾ? ಇನ್ನು ಯಾರಿಗೆ ಬೇಕು? ನೋಡಿದ್ರೇ ಒಂಥರಾ ಆಗುತ್ತೆ."

"ಇರ್ಲಿ ಇಡು. ಒಗೆದದ್ದೇ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸಂತೆಯೇ ಹತ್ತಿ ಬಂದಂತೆ ಸದ್ದಾಯಿತು. ಏದುಸಿರು, ಕೆಮ್ಮು, "ಲಿಫ್ಟ್ ಇಲ್ವೇನ್ರೀ ಈ ಕಟ್ಟಡಕ್ಕೆ", "ನಿಧಾನ, ನಿಮ್ಮ ಮಂಡಿ ಜೋಪಾನ". ಪಾರ್ಕಿನ ನಗೆಕೂಟದವರು ಬಂದಿದ್ದರು.

ಹತ್ತು ಹನ್ನೆರಡು ಜನ, ಬೆಳಗಿನ ವಾಕಿಂಗ್ ಮುಗಿಸಿ ಹಾಗೇ ಇತ್ತ ಹೊರಳಿದ್ದರು. ಮನೆಗೆ ಹೋಗಿ ಬಟ್ಟೆ ಬದಲಿಸಿಕೊಂಡು ಬರುವಷ್ಟು ದೊಡ್ಡ ಸಾವು ಇದಲ್ಲ ಅನಿಸಿರಬೇಕು. ಅವಳು ಡ್ರೈ ಕ್ಲೀನಿಂಗ್ ಅಂಗಡಿಯವನ ಹೆಂಡತಿ. ಜನ್ಮವಿಡೀ ಊರವರ ಬಟ್ಟೆ ನೋಡಿದವಳಿಗೆ ಮನುಷ್ಯರ ಮುಖಕ್ಕಿಂತ ಮೊದಲು ಅವರ ಕಲೆ ಕಣ್ಣಿಗೆ ಬೀಳುತ್ತಿತ್ತು. ಕಂಕುಳಲ್ಲಿ ಬೆವರು ಉಪ್ಪುಗಟ್ಟಿದ ಟೀ ಶರ್ಟು. ಪ್ಯಾಂಟಿನ ಮಂಡಿಗೆ ಹುಲ್ಲಿನ ಹಸಿರು. ಎಲ್ಲರಿಗಿಂತ ಮುಂದೆ ನಿಂತವರ ಕಾಲರಿಗೆ ತಲೆಯ ಕರಿ ಬಣ್ಣ ಇಳಿದಿತ್ತು.

ಆ ಕಾಲರಿನವರೇ ಕೂಟದ ಅಧ್ಯಕ್ಷರು. ಒಂದು ಕಾಲಕ್ಕೆ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಬ್ಯಾಂಕು ಬಿಟ್ಟರೂ ಆ ಗತ್ತು ಬಿಟ್ಟಿರಲಿಲ್ಲ. ಕೈಯಲ್ಲಿ ಹೂವಿನ ಚಕ್ರ, ಅದಕ್ಕೆ ಅಂಟಿಸಿದ ಪಟ್ಟಿಯಲ್ಲಿ "ನಮ್ಮ ಪ್ರೀತಿಯ ಇಸ್ತ್ರಿಗೆ" ಎಂದು, ಕೂಟದಲ್ಲಿ ಅವನಿಗಿದ್ದ ಅಡ್ಡಹೆಸರಿನಲ್ಲಿ ಬರೆದಿತ್ತು. ಹೆಣದ ಎದೆಯ ಮೇಲೆ ಅದನ್ನಿಟ್ಟು, ಯಾರೋ ಫೋನಿನಲ್ಲಿ ಫೋಟೋ ತೆಗೆಯುವ ತನಕ ಬಗ್ಗಿದ ಸೊಂಟ ಬಗ್ಗಿಸಿಯೇ ಇಟ್ಟು, ಆಮೇಲೆ ಎದ್ದರು.

"ಅತ್ತಿಗೆ," ಎಂದರು. ಈ ಮನುಷ್ಯ ಅವಳ ಮುಖ ನೋಡಿದ್ದೇ ಇವತ್ತು. "ಅವರು ನಮಗೆ ಬರೀ ಮೆಂಬರ್ ಅಲ್ಲ, ಒಡಹುಟ್ಟಿದ ಅಣ್ಣ ಇದ್ದ ಹಾಗೆ. ಇಸ್ತ್ರಿ ಬರದೆ ನಮಗೆ ಬೆಳಗೇ ಆಗ್ತಿರ್ಲಿಲ್ಲ ಅನ್ಕೊಳ್ಳಿ."

ಮಗಳು ಎಲ್ಲರಿಗೂ ಕುರ್ಚಿ ಹಾಕಿ ಟೀ ಕೊಟ್ಟಳು. ಕುರ್ಚಿ ಸಿಕ್ಕಿದ್ದೇ ತಡ, ಹೆಣದ ಸುತ್ತ ಪಾರ್ಕು ಶುರುವಾಯಿತು. ಒಬ್ಬರಿಗೆ ಬೆಳಗಿನ ಸಕ್ಕರೆ ಎಷ್ಟು ಬಂತು, ಇನ್ನೊಬ್ಬರಿಗೆ ಹೊಟ್ಟೆ ಸರಿಯಾಗಿ ಹೋಗಿ ಎಷ್ಟು ದಿನವಾಯಿತು, ಮತ್ತೊಬ್ಬರ ಸೊಸೆ ಯಾವ ಪುಡಿ ಕದಡಿ ಕೊಡುತ್ತಾಳೆ. ಪುಡಿ ಕುಡಿದ ಮೇಲೆ ಏನಾಗುತ್ತದೆ ಎನ್ನುವುದನ್ನು ಆ ಮನುಷ್ಯ ಕೈ ಸನ್ನೆ ಮಾಡಿ ವಿವರಿಸಿದ, ಅದೇ ಕೈಯಿಂದ ಬಿಸ್ಕತ್ತು ತೆಗೆದುಕೊಂಡ. ಅವಳು ಎದ್ದು ಅಡುಗೆಮನೆಗೆ ಹೋದಳು.

ಆದರೆ ಮಗಳ ಮುಖ ಅರಳಿತ್ತು. ಅಡುಗೆಮನೆಗೆ ಬಂದು ತಾಯಿಯ ಕೈ ಹಿಡಿದಳು. "ಅಪ್ಪನಿಗೆ ಇಷ್ಟೊಂದು ಜನ ಇದ್ರಾ ಅಮ್ಮಾ! ಕಾಯಿಲೆ ಬಿದ್ದ ಮೇಲೆ ಒಂಟಿಯಾಗ್ಬಿಟ್ರು ಅಂತ ನಾನು ಎಷ್ಟು ಕೊರಗಿದೀನಿ ಗೊತ್ತಾ?"

"ಇದ್ರಲ್ಲ, ನೋಡು," ಎಂದಳು ಅವಳು. ಸುಳ್ಳೇಕೆ, ಅವಳಿಗೂ ಒಳಗೊಳಗೇ ಹೆಮ್ಮೆ ಆಗಿತ್ತು. ಕೊಳಕರೋ ಬಾಯಿಬಡುಕರೋ, ಗಂಡನಿಗೆ ಅಂತ ಬಂದವರು.

ಹೊರಡುವ ಹೊತ್ತಿಗೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಅತ್ತಿಗೆ, ನಮ್ಮಲ್ಲೊಂದು ಪದ್ಧತಿ ಇದೆ. ಕೂಟದವರು ಯಾರೇ ಹೋದ್ರೂ ಸ್ಮಶಾನಕ್ಕೆ ಮುಂಚೆ ಒಂದ್ಸಲ ಪಾರ್ಕಿಗೆ ಕರ್ಕೊಂಡು ಹೋಗ್ತೀವಿ. ನಮ್ಮ ಮರದ ಕೆಳಗೆ ಐದು ನಿಮಿಷ ಇರಿಸಿ, ಅವರ ಬಗ್ಗೆ ಒಂದೆರಡು ತಮಾಷೆ ಹೇಳಿ, ನಗ್ತಾ ನಗ್ತಾ ಕಳಿಸ್ಕೊಡ್ತೀವಿ. ಪೇಪರ್‌ನವರಿಗೂ ಹೇಳಿದೀನಿ, ಬಂದಿರ್ತಾರೆ. ನೀವು ಹೂಂ ಅಂದ್ರೆ ಸಾಕು."

ಅವಳು ಹೂಂ ಅನ್ನಲಿಲ್ಲ. ಲಕ್ವ ಹೊಡೆದ ಮೇಲೆ ಅವನು ಒಂದು ಫೋಟೋ ತೆಗೆಸಿಕೊಂಡವನಲ್ಲ. ಈ ಬಾಯಿ ಯಾರ ಕಣ್ಣಿಗೂ ಬೀಳದ ಹಾಗೆ, ಮುಖ ಮುಚ್ಚಿ, ಮನೆಯಿಂದ ನೆಟ್ಟಗೆ ಸ್ಮಶಾನಕ್ಕೆ ಕಳಿಸಬೇಕು ಎನ್ನುವುದೊಂದೇ ಬೆಳಗಿನಿಂದ ಅವಳ ತಲೆಯಲ್ಲಿದ್ದದ್ದು.

"ಅಮ್ಮಾ, ಬೇಡ ಅನ್ಬೇಡ," ಎಂದು ಮಗಳು ಕಿವಿಯಲ್ಲಿ ಪಿಸುಗುಟ್ಟಿದಳು. "ಅಪ್ಪನ ಜಾಗ ಅದು."

"ಸ್ವಲ್ಪ ತಡೀರಿ, ಹೇಳ್ತೀನಿ," ಎಂದಳು ಅವಳು.

*

ಅವಳ ಗಂಡನಂಥ ಶುಚಿಯ ಮನುಷ್ಯ ಇನ್ನೊಬ್ಬ ಇರಲಿಲ್ಲ. ಅಂಗಡಿಗೆ ಬಂದ ಕೋಟನ್ನು ಬೆಳಕಿಗೆ ಹಿಡಿದು, "ಇದು ಮಸಿ, ಇದು ಎಣ್ಣೆ, ಇದು ಕಣ್ಣೀರು" ಎಂದು ಹೇಳಿ ಗಿರಾಕಿಗಳನ್ನು ನಗಿಸುತ್ತಿದ್ದ. ಕಣ್ಣೀರಿಗೆ ಕಲೆ ಇರುತ್ತೇನ್ರೀ ಅಂದರೆ, ಇರುತ್ತೆ, ಆದರೆ ಅದಕ್ಕೆ ಚಾರ್ಜಿಲ್ಲ ಅನ್ನುತ್ತಿದ್ದ. ಸ್ವತಃ ಅವನ ಅಂಗಿಗೆ ಸಂಜೆಯಾದರೂ ಒಂದು ಸುಕ್ಕು ಬೀಳುತ್ತಿರಲಿಲ್ಲ. ವಯಸ್ಸಾಗಿ ಅಂಗಡಿ ಮುಚ್ಚಿದ ಮೇಲೆ ನಗೆಕೂಟ ಸೇರಿದ. ಸೇರಿದವರಿಗೆಲ್ಲ ಅಡ್ಡಹೆಸರು ಇಡುವುದು ಅಲ್ಲಿಯ ಕ್ರಮ. ಇವನಿಗೆ ಇಸ್ತ್ರಿ ಎಂದು ಇಟ್ಟರು. ಕೈಮೈಕು ಹಿಡಿದು ತಮಾಷೆ ಹೇಳುವವನ ಹೆಸರು ಮೈಕು. ಇಸ್ತ್ರಿ ಎನ್ನುವ ಹೆಸರನ್ನು ಅವನು ಮನೆಗೆ ಬಂದು ಬಹುಮಾನ ಗೆದ್ದವನ ಹಾಗೆ ಹೇಳಿಕೊಂಡಿದ್ದ.

ಆಮೇಲೆ ಒಂದು ದಿನ ಹಲ್ಲುಜ್ಜುತ್ತಿದ್ದವನ ಬಾಯಿ ಓರೆಯಾಯಿತು. ಜೀವ ಉಳಿಯಿತು, ನಡಿಗೆ ಮರಳಿ ಬಂತು, ಬಾಯಿ ಮಾತ್ರ ಹೋದದ್ದು ಹೋಯಿತು. ಎಡಗಡೆಯಿಂದ ಜೊಲ್ಲು ಸುರಿಯುತ್ತಿತ್ತು. ಊಟಕ್ಕೆ ಕೂತಾಗ, ನಿದ್ದೆಯಲ್ಲಿ, ಮಾತಾಡುವಾಗಂತೂ ಹೇಳುವುದೇ ಬೇಡ. ಅವಳು ಹೊಸ ಕರ್ಚೀಫು ತಂದು, ದಿನವೂ ಜೇಬು ತುಂಬ ಇಟ್ಟು ಕಳಿಸುತ್ತಿದ್ದಳು.

ಪಾರ್ಕು ಮಾತ್ರ ಅವನು ಬಿಡಲಿಲ್ಲ. ಹೋಗಿ ಬಂದು, ಅಲ್ಲಿ ಏನೇನಾಯಿತು ಅಂತ ಒಂದೂ ಬಿಡದೆ ಹೇಳುತ್ತಿದ್ದ. ಆ ಕತೆಗಳಲ್ಲಿ ಕ್ರಮೇಣ ಒಬ್ಬ ಹೊಸಬ ಬಂದ.

"ನಿಂಗೊತ್ತಾ, ಪಾರ್ಕಲ್ಲಿ ಒಬ್ಬ ಮುದುಕ ಇದಾನೆ. ಜೊಲ್ಲಪ್ಪ ಅಂತ ಹೆಸರಿಟ್ಟಿದಾರೆ."

"ಯಾರ್ರೀ ಅವನು?"

"ಯಾರೋ ಪಾಪ. ಅವನು ಕೂರೋ ಬೆಂಚಿನ ಕೆಳಗೆ ಹುಲ್ಲು ಮಂಡಿಯುದ್ದ ಬೆಳೆದಿದೆಯಂತೆ. ಪಾರ್ಕಿನವರು ಅಲ್ಲಿಗೆ ನೀರು ಹಾಕೋದನ್ನೇ ನಿಲ್ಲಿಸಿದಾರಂತೆ, ದಂಡ ಅಂತ. ಮೈಕು ಹೇಳಿದ, ಎಲ್ಲ ಬಿದ್ದು ಬಿದ್ದು ನಕ್ರು."

ಅವಳೂ ಬಿದ್ದು ಬಿದ್ದು ನಕ್ಕಿದ್ದಳು. ಕೈಲಿದ್ದ ಲೋಟದಿಂದ ಟೀ ಚೆಲ್ಲುವ ಹಾಗೆ. ಅವನೂ ಸೊಟ್ಟ ಬಾಯಲ್ಲಿ ನಕ್ಕು, ಒರೆಸಿಕೊಂಡಿದ್ದ. ಅಲ್ಲಿಂದ ಮುಂದೆ ಅವನು ಬೂಟು ಬಿಚ್ಚುವ ಮೊದಲೇ, "ಇವತ್ತು ಜೊಲ್ಲಪ್ಪನದ್ದೇನ್ರೀ?" ಎಂದು ಅವಳೇ ಕೇಳುತ್ತಿದ್ದಳು. ಅವನು ಒಂದು ದಿನವೂ ಇಲ್ಲ ಅನ್ನಲಿಲ್ಲ. ಜೊಲ್ಲಪ್ಪನ ಜೊತೆ ಮಾತಾಡಲು ಹೋದರೆ ಕೊಡೆ ಹಿಡಿದುಕೊಂಡು ಹೋಗಬೇಕು ಎನ್ನುವುದು ಅವಳಿಗೆ ಎಲ್ಲಕ್ಕಿಂತ ಹಿಡಿಸಿತ್ತು. ಅದನ್ನು ಪಕ್ಕದ ಮನೆಯವಳಿಗೂ ಹೇಳಿ ನಗಿಸಿದ್ದಳು.

*

ಟೀ ಚರಟ ಚೆಲ್ಲಿ ಬರೋಣವೆಂದು ಅವಳು ಪಾತ್ರೆ ಹಿಡಿದು ಹಿಂಬಾಗಿಲಿಗೆ ಬಂದಳು. ಬಾಗಿಲ ಆಚೆ, ಮೆಟ್ಟಿಲ ತಿರುವಿನಲ್ಲಿ, ಆಗಿನಿಂದ ಎಲ್ಲರೂ ಮೈಕು ಎಂದು ಕರೆಯುತ್ತಿದ್ದವನು ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಜನ್ಮಕ್ಕೆ ಅಂಟಿದ ಗಂಟಲು, ಪಿಸುಮಾತಾಡಿದರೂ ಬೀದಿಗೆ ಕೇಳುವಂಥದ್ದು.

"ಇಸ್ತ್ರಿ ಹೋಗ್ಬಿಟ್ಟ ಕಣೋ... ಇಸ್ತ್ರಿ! ಯಾರು ಅಂದ್ರೆ? ಥೂ, ಜೊಲ್ಲಪ್ಪ ಕಣೋ, ಜೊಲ್ಲಪ್ಪ! ಹಾಂ, ಈಗ ಗೊತ್ತಾಯ್ತಲ್ಲ?" ಒಂದು ಸಣ್ಣ ನಗು. "ಟಾಯ್ಲೆಟ್ ಪಕ್ಕದ ಬೆಂಚು ಇನ್ಮೇಲೆ ಖಾಲಿ, ಬೇಕಾದ್ರೆ ನೀನು ಕೂತ್ಕೋ... ಇಲ್ಲಪ್ಪ, ನಾವ್ಯಾರೂ ಮಾತಾಡಿಸ್ತಿರ್ಲಿಲ್ಲ, ಯಾರಿಗೆ ಬೇಕು ಆ ಸ್ನಾನ? ಮರದ ಹತ್ರ ಬರಬೇಡಿ ಅಂತ ಅಧ್ಯಕ್ಷರೇ ಬಾಯಿಬಿಟ್ಟು ಹೇಳಿದ್ರಲ್ಲ ಆವಾಗ. ಈಗ ಪೇಪರ್‌ನವರು ಬರ್ತಾರೆ ಅಂತ ಅಣ್ಣ ಅಂತೆ, ಅತ್ತಿಗೆ ಅಂತೆ. ಬಾ ಬಾ, ಬೇಗ ಬಾ, ಫೋಟೋಗೆ ಜನ ಬೇಕು."

ಅವಳು ಪಾತ್ರೆ ಹಿಡಿದುಕೊಂಡೇ ನಿಂತಳು. ಚರಟದ ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳಿಗೆ ಮೊದಲು ಬಂದದ್ದು ಅಳುವಲ್ಲ, ವಾಂತಿ. ಗೋಡೆ ಹಿಡಿದು ಬಗ್ಗಿದಳು. ಬೆಳಗಿನಿಂದ ಹೊಟ್ಟೆಗೆ ಏನೂ ಹೋಗಿರಲಿಲ್ಲ, ಬರೀ ಹುಳಿ ನೀರು ಬಂತು.

*

ಈ ಗಂಡಸರನ್ನು ಉಗಿದರೆ ಮುಗಿಯಿತೇ? ಮನೆಯಲ್ಲಿ ಅವಳು ಮಾಡಿದ್ದೇನು?

ಲಕ್ವ ಹೊಡೆದ ಮೊದಲ ವರ್ಷವೇ ಅವಳು ಅವನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದಳು. "ನೀವು ಮಾಡಿ, ನಂಗಿನ್ನೂ ಹಸಿವಿಲ್ಲ" ಎಂದು ಅಡುಗೆಮನೆಯಲ್ಲಿ ನಿಂತುಕೊಂಡೇ ತಿನ್ನುತ್ತಿದ್ದಳು. ಅವನ ಗದ್ದದಿಂದ ನೂಲಿನ ಹಾಗೆ ಇಳಿಯುವುದನ್ನು ನೋಡಿಕೊಂಡು ತುತ್ತು ನುಂಗಲು ಆಗುತ್ತಿರಲಿಲ್ಲ. ತೊಯ್ದು ಬಂದ ಕರ್ಚೀಫುಗಳನ್ನಂತೂ ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಕೋಲಿನ ತುದಿಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಿ, ಕುದಿಯುವ ನೀರು ಸುರಿದು, ಮುಖ ಆ ಕಡೆ ತಿರುಗಿಸಿ ತಿರುವುತ್ತಿದ್ದಳು. ಇಸ್ತ್ರಿ ಮಾತ್ರ ಚೆನ್ನಾಗಿ ಹೊಡೆಯುತ್ತಿದ್ದಳು. ಬಿಸಿ ಇಸ್ತ್ರಿಪೆಟ್ಟಿಗೆ ತಗುಲಿದ ಮೇಲೆ ಬಟ್ಟೆ ಹೊಸದಾಗುತ್ತದೆ ಅಂತ ಅವನೇ ಹೇಳಿಕೊಟ್ಟದ್ದು.

ಒಂದು ಬೆಳಗ್ಗೆ ಅವನು ಬೂಟು ಹಾಕಿಕೊಳ್ಳದೆ ಸುಮ್ಮನೆ ಕೂತಿದ್ದ.

"ಇವತ್ತು ಪಾರ್ಕು ಬೇಡ ಅನ್ಸುತ್ತೆ ಕಣೇ."

"ಯಾಕ್ರೀ? ಮೈಗೆ ಹುಷಾರಿಲ್ವಾ?"

"ಹುಷಾರಿದೀನಿ. ಸುಮ್ನೆ, ನಿನ್ ಜೊತೆ ಇರೋಣ ಅಂತ."

"ಅಯ್ಯೋ, ಮನೇಲಿ ಕೂತು ಏನ್ ಮಾಡ್ತೀರಿ? ನಾಲ್ಕು ಜನದ ಹತ್ರ ಮಾತಾಡ್ಕೊಂಡು ಬನ್ನಿ, ಮನಸ್ಸಿಗೂ ಒಳ್ಳೇದು. ನಂಗೂ ಮನೆ ಗುಡಿಸ್ಬೇಕು."

ಮನೆ ಆಗಲೇ ಗುಡಿಸಿ ಆಗಿತ್ತು. ಆ ಎರಡು ತಾಸು ಅವಳಿಗೆ ಬೇಕಾಗಿತ್ತು, ಅಷ್ಟೇ. ಜೊಲ್ಲು ನೋಡದೆ ಇರಬಹುದಾದ ಎರಡು ತಾಸು. ಅವನು ಹೆಂಡತಿಯ ಮುಖವನ್ನೇ ನೋಡಿದ. ಕಲೆ ಯಾವುದರದ್ದು ಎಂದು ಬಟ್ಟೆ ನೋಡುತ್ತಿದ್ದ ಹಾಗೆ ನೋಡಿದ. ಆಮೇಲೆ ಬೂಟು ಕಟ್ಟಿಕೊಂಡು ಹೋದ. ಅವತ್ತು ಬಂದವನು ಹೇಳಿದ್ದೇ ಕೊಡೆಯ ತಮಾಷೆ. ಹೆಂಡತಿಯನ್ನು ನಗಿಸಲು ಅವನ ಹತ್ತಿರ ಉಳಿದಿದ್ದದ್ದು ಅದೊಂದೇ, ಅದನ್ನೇ ದಿನವೂ ಹೊತ್ತು ತಂದು ಕೊಟ್ಟಿದ್ದ.

*

ಅವಳು ಬಾಯಿ ತೊಳೆದುಕೊಂಡು ಹಾಲಿಗೆ ಬಂದಳು.

"ಆಗ್ಲಿ, ಪಾರ್ಕಿಗೆ ಬರ್ತೀವಿ," ಎಂದಳು ಅಧ್ಯಕ್ಷರಿಗೆ. "ನೀವು ಮುಂದೆ ಹೋಗಿರಿ. ಎಲ್ಲರೂ ಇರಬೇಕು, ಒಬ್ಬರೂ ತಪ್ಪಿಸ್ಕೋಬಾರದು."

"ಎಲ್ಲಾದ್ರೂ ಉಂಟೇ ಅತ್ತಿಗೆ!" ಎಂದು ಅಧ್ಯಕ್ಷರು ಹಲ್ಲು ಕಿರಿದರು.

ಮಗಳು ತಾಯಿಯನ್ನು ತಬ್ಬಿಕೊಂಡಳು. ಅವಳು ಬಿಡಿಸಿಕೊಂಡು ಬೀರುವಿನ ಹತ್ತಿರ ಹೋಗಿ ಕರ್ಚೀಫಿನ ಕಟ್ಟನ್ನು ಬ್ಯಾಗಿಗೆ ಹಾಕಿಕೊಂಡಳು.

ಶವದ ಗಾಡಿಯಲ್ಲಿ ಮಗಳು ಹಿಂದೆ ಅಪ್ಪನ ಜೊತೆ ಕೂತಳು. ಅವಳು ಡ್ರೈವರಿನ ಪಕ್ಕ ಕೂತಳು.

"ಪಾರ್ಕಿನ ಟಾಯ್ಲೆಟ್ ಎಲ್ಲಿದೆ ಗೊತ್ತೇನಪ್ಪಾ?"

"ಹಿಂದಿನ ಗೇಟಿನ ಹತ್ರ ಅಮ್ಮಾ, ಕಸದ ಗಾಡಿ ಹೋಗೋ ಕಡೆ. ಯಾಕೆ, ನೀವು ಹೋಗ್ಬೇಕಿತ್ತಾ?"

"ಹೂಂ. ಎಲ್ಲರೂ ಹೋಗ್ಬೇಕು."

ಡ್ರೈವರು ಅವಳ ಮುಖ ನೋಡಿ ಗಾಡಿ ತಿರುಗಿಸಿದ.

ಅವಳು ಪಾರ್ಕಿಗೆ ಬಂದು ಎಷ್ಟು ಕಾಲವಾಗಿತ್ತೋ. ಮಂಡಿ ನೋವು ಎನ್ನುವುದು ನೆಪ. ಕಿಟಕಿಯಿಂದ ನೋಡಿದಳು. ಊರಿನ ಜನ ಮನೆಯಲ್ಲಿ ಮಾಡಲು ನಾಚುವುದನ್ನೆಲ್ಲ ಮಾಡಲು ಇಲ್ಲಿಗೆ ಬರುತ್ತಾರೋ ಏನೋ. ಒಬ್ಬ ಗಂಟಲಾಳದಿಂದ ಕ್ಯಾಕರಿಸಿ ಹೂವಿನ ಪಾತಿಗೆ ಉಗಿದು, ಅಲ್ಲೇ ಕಣ್ಣು ಮುಚ್ಚಿ ಶುದ್ಧ ಗಾಳಿ ಎಳೆದುಕೊಳ್ಳುತ್ತಿದ್ದ. ಒಬ್ಬಳು ನಾಯಿ ಹೇಲುವುದನ್ನು ಕಾಯುತ್ತ ಆಕಾಶದ ಅಂದ ನೋಡುತ್ತಿದ್ದಳು. ಅಂಗಿ ಬಿಚ್ಚಿ ಬೆಂಚಿನ ಉದ್ದಕ್ಕೂ ಮಲಗಿದವನ ಹೊಕ್ಕುಳ ಮೇಲೆ ನೊಣ ಕೂತಿತ್ತು. ಇಷ್ಟು ಜನರಿಗೆ ಜಾಗ ಇತ್ತು. ಬಾಯಿ ಒರೆಸಿಕೊಂಡು ಕೂರುವ ಒಬ್ಬನಿಗೆ ಇರಲಿಲ್ಲ.

ಗಾಡಿ ನಿಂತಿತು. ಟಾಯ್ಲೆಟ್ಟಿನ ಗೋಡೆ ಕೆಳಗಿನಿಂದ ಹಳದಿಗಟ್ಟಿತ್ತು. ಗೋಡೆಯ ಮಗ್ಗುಲಲ್ಲೇ ಒಂದು ಪಟ್ಟಿ ಮುರಿದ ಬೆಂಚು, ಅದರಾಚೆ ಕಸದ ತೊಟ್ಟಿ. ಬೆಂಚಿನಿಂದ ಎದುರಿಗೆ, ಹುಲ್ಲುಹಾಸಿನ ಆಚೆ, ನಗೆಕೂಟದ ಮರ ಚೆನ್ನಾಗಿ ಕಾಣುತ್ತಿತ್ತು. ಮರದ ಕೆಳಗೆ ನಿಂತ ಮೈಕು ಕೈಮೈಕಿಗೆ "ಹಲೋ, ಹಲೋ" ಅಂದದ್ದು ಇಲ್ಲಿಗೆ ಕಿವಿ ಪಕ್ಕದಲ್ಲಿ ಅಂದ ಹಾಗೆ ಕೇಳಿತು. ದಿನವೂ ಗಂಡ ಆ ತಮಾಷೆಗಳನ್ನು ಕೇಳಿಸಿಕೊಂಡದ್ದು ಹೇಗೆ ಅಂತ ಅವಳು ಯಾರನ್ನೂ ಕೇಳಬೇಕಾಗಲಿಲ್ಲ. ಬೆಂಚಿನ ಕೆಳಗೆ ಹುಲ್ಲಿರಲಿಲ್ಲ, ಬರೀ ಮಣ್ಣು.

"ಸ್ಟ್ರೆಚರ್ ಈ ಬೆಂಚಿನ ಮೇಲೆ ಇಳಿಸಿ," ಎಂದಳು.

"ಇಲ್ಲ್ಯಾಕಮ್ಮಾ?" ಮಗಳು ಮೂಗು ಮುಚ್ಚಿಕೊಂಡಳು.

ಅಷ್ಟರಲ್ಲಿ ಕೂಟದವರು ಹುಲ್ಲುಹಾಸು ತುಳಿದುಕೊಂಡು ಓಡುತ್ತ ಬಂದರು. ಹಿಂದೆ ಕ್ಯಾಮೆರಾ ನೇತುಹಾಕಿಕೊಂಡ ಪೇಪರಿನವನಿದ್ದ.

"ಅತ್ತಿಗೆ, ಇಲ್ಲಲ್ಲ, ಅಲ್ಲಿ, ಅಲ್ಲಿ! ಮರದ ಕೆಳಗೆ ಎಲ್ಲ ರೆಡಿ ಇದೆ," ಎಂದು ಅಧ್ಯಕ್ಷರು ಕೈಬೀಸಿದರು.

"ಅವರು ಕೂರ್ತಿದ್ದ ಜಾಗ ಇದೇ ಅಲ್ವಾ?" ಎಂದಳು ಅವಳು.

ಅಧ್ಯಕ್ಷರು ಮೈಕಿನ ಮುಖ ನೋಡಿದರು. ಮೈಕು ಬೂಟಿನ ಮುಖ ನೋಡಿಕೊಂಡ.

"ಪದ್ಧತಿ ಅಂದ್ರಲ್ಲ, ನಡೀಲಿ. ತಮಾಷೆ ಹೇಳಿ," ಎಂದಳು ಅವಳು ಮೈಕಿಗೆ. "ಜೊಲ್ಲಪ್ಪನದ್ದೇ ಹೇಳಿ. ಆ ಕೊಡೆ ಹಿಡ್ಕೊಂಡು ಹೋಗೋದು ಹೇಳಿ, ನಂಗೆ ತುಂಬ ಇಷ್ಟ ಅದು. ನಾನು ನಕ್ಕಿದೀನಿ. ಹೇಳಿ, ಇವತ್ತೂ ನಗ್ತೀನಿ."

ಕೈಮೈಕಿನ ಗುಂಡಿ ಒತ್ತಿಯೇ ಇತ್ತು. ಅವನ ಉಸಿರು ಇಡೀ ಪಾರ್ಕಿಗೆ ಕೇಳಿಸುತ್ತಿತ್ತು. ಮಗಳು ತಾಯಿಯನ್ನು ನೋಡಿದಳು, ಗೋಡೆ ನೋಡಿದಳು, ಬೆಂಚು ನೋಡಿದಳು. ಮೂಗಿನಿಂದ ಅವಳ ಕೈ ತಾನಾಗಿ ಕೆಳಗಿಳಿಯಿತು.

"ಅಪ್ಪ ಇಲ್ಲಿ ಕೂರ್ತಿದ್ರಾ?" ಎಂದಳು.

ಆಗಲೇ ಗಾಳಿ ಈ ಕಡೆ ತಿರುಗಿ, ಟಾಯ್ಲೆಟ್ಟಿನ ಬಾಗಿಲಿಂದ ನಾತ ಇಡಿಯಾಗಿ ಮೇಲೆ ಬಂದು ಬಿತ್ತು. ಒಬ್ಬೊಬ್ಬರೇ ಜೇಬು ತಡಕಿಕೊಂಡರು. ವಾಕಿಂಗಿಗೆ ಬಂದವರ ಚಡ್ಡಿಯಲ್ಲಿ ಫೋನು ಬಿಟ್ಟರೆ ಏನಿರುತ್ತದೆ?

ಅವಳು ಬ್ಯಾಗು ತೆರೆದಳು. ಕಟ್ಟು ಬಿಚ್ಚಿ, ಸಾಲಾಗಿ ನಿಂತವರ ಮುಂದೆ ನಡೆಯುತ್ತ, ಒಬ್ಬೊಬ್ಬರ ಕೈಗೂ ಒಂದೊಂದು ಕರ್ಚೀಫು ಇಟ್ಟಳು.

"ತಗೊಳ್ಳಿ. ಅವರದ್ದೇ. ಒಗೆದು ಇಸ್ತ್ರಿ ಮಾಡಿದೀನಿ, ಒಂದು ಕಲೆ ಇಲ್ಲ. ಮೂಗಿಗೆ ಹಿಡ್ಕೊಳ್ಳಿ, ಸಂಕೋಚ ಬೇಡ."

ಪೇಪರಿನವನು ನೋಡುತ್ತಿದ್ದ, ಬೇಡ ಅನ್ನುವ ಹಾಗಿರಲಿಲ್ಲ. ಎಲ್ಲರೂ ತೆಗೆದುಕೊಂಡರು. ಗಾಳಿ ಮತ್ತೊಮ್ಮೆ ಬೀಸಿತು. ಬಿಳಿ ಕರ್ಚೀಫು ಹಿಡಿದ ಕೈಗಳೆಲ್ಲ ಮೂಗಿನ ಹತ್ತಿರದವರೆಗೆ ಏರಿ, ಅಲ್ಲೇ ನಿಂತವು. ಅಧ್ಯಕ್ಷರು ತಮ್ಮದನ್ನು ಎರಡು ಬೆರಳ ತುದಿಯಲ್ಲಿ ದೂರ ಹಿಡಿದು, ಉಸಿರು ಕಟ್ಟಿ, ಕೆಂಪಾಗಿ ನಿಂತಿದ್ದರು.

ಕಟ್ಟಿನಲ್ಲಿ ಒಂದು ಉಳಿದಿತ್ತು. ಅವಳು ಬೆಂಚಿನ ಅಂಚಿನಲ್ಲಿ, ಗಂಡನ ತಲೆಯ ಪಕ್ಕ ಕೂತು, ಅದರ ಮಡಿಕೆ ಬಿಡಿಸಿ ಅವನ ತುಟಿಯ ತುದಿಯನ್ನು ಒತ್ತಿದಳು. ಆಮೇಲೆ ಅದೇ ಕರ್ಚೀಫಿನಿಂದ ತನ್ನ ಬಾಯಿ ಒರೆಸಿಕೊಂಡಳು.